ಬೇಲಿ ಯಾರಿಗೆ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಇಂದು ನಮ್ಮ ಸಮಾಜದಲ್ಲಿ ಅತ್ಯಂತ ಮರೆವಿಗೆ ಸಂದಿರುವ ವ್ರತ ಯಾವುದೆಂದು ಕೇಳಿದರೆ, ದಿಗ್ವ್ರತವೆಂದು ಹೇಳಬೇಕಾಗುತ್ತದೆ. ಅಹಿಂಸೆ, ಸತ್ಯ, ಅಪರಿಗ್ರಹಗಳ ವಿಷಯದಲ್ಲಿ ಪ್ರತಿ ದಶಲಕ್ಷಣ ಪರ್ವದಲ್ಲಿಯೂ ಪ್ರವಚನಗಳು ನಡೆಯುತ್ತವೆ. ಆದರೆ "ಈ ದಿಕ್ಕಿಗೆ ಈ ನದಿಯವರೆಗೆ, ಆ ದಿಕ್ಕಿಗೆ ಆ ಬೆಟ್ಟದವರೆಗೆ, ಅದರಾಚೆಗೆ ನಾನು ಹೋಗುವುದಿಲ್ಲ" ಎಂದು ಹತ್ತು ದಿಕ್ಕುಗಳಲ್ಲಿಯೂ ಗಡಿ ಹಾಕಿಕೊಂಡು ಬದುಕುವ ಗೃಹಸ್ಥರು ಈಗ ವಿರಳ. ಖಂಡದಿಂದ ಖಂಡಕ್ಕೆ ಒಂದೇ ಹಗಲಿನಲ್ಲಿ ಹಾರಬಹುದಾದ ಕಾಲದಲ್ಲಿ ಇಂತಹ ವ್ರತಕ್ಕೆ ಅರ್ಥವೇನೆಂದು ನಮ್ಮ ಮಕ್ಕಳು ಕೇಳುತ್ತಾರೆ. ವ್ಯಾಪಾರಸ್ಥನಾದ ನಾನೂ ಯೌವನದಲ್ಲಿ ಹಾಗೆಯೇ ಕೇಳಿದವನು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಕೊಡುವ ಕಾರಣ ಬಹು ಸೂಕ್ಷ್ಮವಾದುದು. ಗೃಹಸ್ಥನು ಪಾಲಿಸುವುದು ಅಣುವ್ರತ. ಅಡಿಗೆ, ಬೇಸಾಯ, ವ್ಯಾಪಾರಗಳಲ್ಲಿ ಅವನಿಂದ ಹಿಂಸೆ ತಪ್ಪಿದ್ದಲ್ಲ. ಆದರೆ ಅವನು ಗಡಿ ಹಾಕಿಕೊಂಡ ಮೇಲೆ, ಆ ಗಡಿಯ ಹೊರಗಿನ ಸಮಸ್ತ ಜೀವಿಗಳ ಮಟ್ಟಿಗೆ ಅವನ ಅಣುವ್ರತವೇ ಮಹಾವ್ರತದ ಸ್ಥಿತಿಗೆ ಏರುತ್ತದೆ. ಅಲ್ಲಿಗೆ ಅವನು ಹೋಗುವುದಿಲ್ಲ. ಆದ್ದರಿಂದ ಅಲ್ಲಿ ಅವನಿಂದ ಸ್ಥೂಲವಾದ ಹಿಂಸೆಯೂ ಇಲ್ಲ, ಸೂಕ್ಷ್ಮವಾದ ಹಿಂಸೆಯೂ ಇಲ್ಲ. ಮನುಷ್ಯನು ಬೇಲಿ ಹಾಕುವುದು ಸಾಮಾನ್ಯವಾಗಿ ಇನ್ನೊಬ್ಬರಿಗೆ; ದಿಗ್ವ್ರತವಾದರೋ ತನಗೆ ತಾನೇ ಹಾಕಿಕೊಳ್ಳುವ ಬೇಲಿ.

ಈ ಮಾತು ಗ್ರಂಥದಲ್ಲಿ ಓದಿ ಮರೆತಿದ್ದ ನನಗೆ ಅದು ಮತ್ತೆ ನೆನಪಾಗಿ, ನಿದ್ದೆಗೆಡಿಸಿದ್ದು ಒಂದು ಜಮೀನಿನ ವ್ಯವಹಾರದಿಂದ. ಆ ವಿಚಾರವನ್ನು ಸಮಾಜದ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಗುಡೇಕೋಟೆಯ ಜಮೀನು

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ನೋಡದವರಿಗೆ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಅದು ಬಂಡೆಗಳ ಊರು. ಒಂದರ ಮೇಲೊಂದು ಯಾರೋ ಎತ್ತಿ ಇಟ್ಟಂತಿರುವ ಹೆಬ್ಬಂಡೆಗಳ ಗುಡ್ಡಗಳು, ಅವುಗಳ ಮೇಲೆ ಪಾಳೆಯಗಾರರ ಕೋಟೆಯ ಅವಶೇಷಗಳು, ಬಂಡೆಗಳ ಸಂದಿನಲ್ಲಿ ಗವಿಗಳು, ಸುತ್ತ ಕುರುಚಲು ಕಾಡು. ಚಿತ್ರದುರ್ಗದ ಕೋಟೆಯ ಕಿಂಡಿಯನ್ನು ಕಾದ ಒನಕೆ ಓಬವ್ವನ ತವರು ಇದೇ ಎಂದು ನಮ್ಮ ಕಡೆಯ ಜನರ ನಂಬಿಕೆ. ಈ ಗವಿಗಳಲ್ಲಿ ಅನಾದಿಯಿಂದ ಕರಡಿಗಳು ವಾಸವಾಗಿವೆ. 2013ರಲ್ಲಿ ಇಲ್ಲಿಯ ಅರಣ್ಯವನ್ನು ಕರಡಿಧಾಮವೆಂದು ಸರ್ಕಾರ ಘೋಷಿಸಿತು. 2019ರಲ್ಲಿ ಅದನ್ನು ವಿಸ್ತರಿಸಲಾಯಿತು. ಇದಕ್ಕೂ ಮೊದಲು, 1994ರಲ್ಲಿ, ಹೊಸಪೇಟೆ ಸಂಡೂರುಗಳ ನಡುವಿನ ದರೋಜಿಯಲ್ಲಿ ಇಂತಹದೇ ಧಾಮ ಸ್ಥಾಪಿತವಾಗಿತ್ತು.

ಈ ಕಾಡಿನ ಅಂಚಿನಲ್ಲಿ ನನ್ನ ಹೆಸರಿನಲ್ಲಿ ಎಂಟು ಎಕರೆ ಖುಷ್ಕಿ ಜಮೀನಿದೆ. ಮೂವತ್ತು ವರ್ಷಗಳಿಗೂ ಹಿಂದೆ, ನಮ್ಮ ಶೇಂಗಾ ಮಂಡಿಯ ಬಾಕಿಗೆ ಪ್ರತಿಯಾಗಿ ಒಬ್ಬ ರೈತರಿಂದ ಬಂದದ್ದು. ಅಂದು ಅದನ್ನು ನಾನು ಕಿರ್ದಿಯಲ್ಲಿ ಜಮಾ ಮಾಡಿಕೊಂಡು ಖಾತೆ ಮುಗಿಸಿದೆ. ಬೆಳೆ ಬಾರದ ನೆಲವಾದ್ದರಿಂದ ಅದು ಬೀಳುಬಿದ್ದು, ಅಲ್ಲಿ ಕವಳೆ, ಉಲುಪಿ, ಬಾರೆ ಗಿಡಗಳು ತಾವಾಗಿ ಬೆಳೆದವು, ಹುತ್ತಗಳೆದ್ದವು. ಹಣ್ಣಿಗೂ ಗೆದ್ದಲಿಗೂ ಕರಡಿಗಳು ಬರತೊಡಗಿದವು. ಪಹಣಿಯಲ್ಲಿ ನನ್ನ ಹೆಸರು. ಅನುಭವ ಮಾತ್ರ ಅವುಗಳದು.

ಕೆಲವು ವರ್ಷಗಳ ಹಿಂದೆ ನನ್ನ ಮಗನ ಪರಿಚಯದ ಕೆಲವರು ಬೆಂಗಳೂರಿನಿಂದ ಬಂದು ಆ ಜಮೀನನ್ನು ನೋಡಿದರು. ಅಲ್ಲಿ ಹತ್ತು ಕುಟೀರಗಳ ಒಂದು ವಸತಿಗೃಹ ಕಟ್ಟಬೇಕೆಂಬುದು ಅವರ ಯೋಜನೆ. ಸುತ್ತ ತಂತಿಬೇಲಿ, ಒಂದು ಕಡೆ ಮಾತ್ರ ತೆರವು, ಅದರ ಎದುರಿನ ಬಂಡೆಗೆ ದಿನವೂ ಬೆಲ್ಲದ ಲೇಪನ, ಪ್ರತಿ ಕುಟೀರದ ಜಗುಲಿಯಿಂದಲೂ ಕರಡಿ ಕಾಣಬೇಕು. ಅಡಿಗೆ ಶುದ್ಧ ಸಸ್ಯಾಹಾರ. "ಅಪ್ಪಾಜಿ, ಇದು ಜೈನರಿಗೆ ಹೇಳಿ ಮಾಡಿಸಿದ ವ್ಯವಹಾರ" ಎಂದ ನನ್ನ ಮಗ. "ಕೊಲ್ಲುವುದಿಲ್ಲ, ಹೊಡೆಯುವುದಿಲ್ಲ, ಕಟ್ಟಿಹಾಕುವುದಿಲ್ಲ, ಉಣ್ಣಿಸುತ್ತೇವೆ, ನೋಡುತ್ತೇವೆ." ಅವರು ಹೇಳಿದ ಮೊತ್ತವೂ ಚಿಕ್ಕದಾಗಿರಲಿಲ್ಲ. ಧಾಮದ ಪಕ್ಕದಲ್ಲಿ ಇಂತಹ ಕಟ್ಟಡಕ್ಕೆ ಕಾನೂನಿನ ಅನುಮತಿ ದೊರೆಯುವುದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ದೊರೆತರೂ ಅದು ಶ್ರಾವಕನಿಗೆ ತಕ್ಕುದೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಉತ್ತರ ತಿಳಿಯದೆ ನಾನು ಸಮಯ ಕೇಳಿದೆ.

ಬೆಲ್ಲ ಹಚ್ಚಿದ ಬಂಡೆ

ನೋಡದೆ ತೀರ್ಮಾನಿಸಬಾರದೆಂದು ಸಂಸಾರ ಸಮೇತ ಕಮಲಾಪುರದ ಕಡೆಗೆ ಹೋಗಿ, ಕಾಡಿನಂಚಿನ ಒಂದು ವಸತಿಗೃಹದಲ್ಲಿ ಒಂದು ರಾತ್ರಿ ತಂಗಿದೆವು. ಬೆಳಿಗ್ಗೆ ಹಂಪೆಯ ಗಾಣಗಿತ್ತಿ ಬಸದಿಗೆ ಹೋಗಿದ್ದೆವು. ಕುಂಥುನಾಥ ಜಿನೇಶ್ವರರಿಗಾಗಿ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಈ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅಲ್ಲಿಯ ಕಂಬದ ಶಾಸನ ಹೇಳುತ್ತದೆ. ಕುಂಥುನಾಥರ ಲಾಂಛನ ಆಡು ಎಂದು ಮೊಮ್ಮಗನಿಗೆ ಹೇಳಿದಾಗ, "ಕರಡಿ ಯಾರ ಲಾಂಛನ ತಾತ?" ಎಂದು ಕೇಳಿದ. ಹದಿನಾಲ್ಕನೆಯ ಅನಂತನಾಥರ ಲಾಂಛನವನ್ನು ಕೆಲವು ಪಟ್ಟಿಗಳು ಕರಡಿಯೆಂದೂ, ಕೆಲವು ಮುಳ್ಳುಹಂದಿಯೆಂದೂ, ಶ್ವೇತಾಂಬರ ಸಂಪ್ರದಾಯವು ಗಿಡುಗವೆಂದೂ ಹೇಳುತ್ತವೆ. ಯಾವುದೇ ಇರಲಿ, ತೀರ್ಥಂಕರರ ಪೀಠದಲ್ಲಿ ಪಶುಪಕ್ಷಿಗಳಿಗೆ ಸ್ಥಾನವಿತ್ತ ಧರ್ಮ ನಮ್ಮದು ಎಂಬ ಮಾತಿನೊಡನೆ ಹೊರಟೆವು.

ಮಧ್ಯಾಹ್ನದ ಮೇಲೆ ದರೋಜಿಯ ವೀಕ್ಷಣಾ ಗೋಪುರ. ಎದುರಿನ ಬಂಡೆಗಳ ಮೇಲೆ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕವನ್ನು ಹಚ್ಚಿಹೋಗುವ ಪದ್ಧತಿ ವರ್ಷಗಳಿಂದ ನಡೆದುಬಂದದ್ದು. ಒಂದು ಗಂಟೆ ಕಾದ ಬಳಿಕ ತಾಯಿ ಕರಡಿಯೊಂದು ಬಂಡೆಯ ಹಿಂದಿನಿಂದ ಬಂತು. ಅದರ ಬೆನ್ನಿನ ಮೇಲೆ ಎರಡು ಮರಿಗಳು ಕೂದಲನ್ನು ಹಿಡಿದು ಕುಳಿತಿದ್ದವು. ಮರಿಗಳನ್ನು ಹೀಗೆ ಬೆನ್ನಿನ ಮೇಲೆ ಹೊತ್ತು ತಿರುಗುವುದು ನಮ್ಮ ಈ ಕರಡಿಯ ಸ್ವಭಾವ. ತಾಯಿ ಗಾಳಿಯಲ್ಲಿ ಮೂಗೆತ್ತಿ ಗೋಪುರದ ಕಡೆಗೆ ಬಹಳ ಹೊತ್ತು ವಾಸನೆ ಹಿಡಿಯಿತು. ಬಳಿಕ ಬಂಡೆಯನ್ನು ನೆಕ್ಕತೊಡಗಿತು. ಅದನ್ನು ಕಂಡು ನನಗೆ ಪರಮಾನಂದವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಕತ್ತಲಾಗುವ ಹೊತ್ತಿಗೆ ವಸತಿಗೃಹಕ್ಕೆ ಮರಳಿದೆವು. ರಾತ್ರಿಭೋಜನ ತ್ಯಾಗದ ನಿಯಮವಿದ್ದ ನಾವು ಹಿರಿಯರಿಬ್ಬರೂ ಅಂದು ಉಪವಾಸವೇ ಉಳಿದೆವು.

ಹಸಿವೆಯಿಂದ ನಿದ್ದೆ ಬಾರದೆ ಮಲಗಿದ್ದಾಗ ಒಂದು ಪ್ರಶ್ನೆ ಎದ್ದಿತು. ಆ ತಾಯಿಯು ನಮ್ಮನ್ನು ನಂಬಿ ಬಂದಿತೇ, ಅಥವಾ ಭಯವಿದ್ದೂ ಬೆಲ್ಲದ ಆಸೆಗೆ ಬಂದಿತೇ? ಅದು ಮೂಗೆತ್ತಿ ನಿಂತ ರೀತಿಯನ್ನು ನೆನೆದರೆ, ಭಯ ಹೋಗಿರಲಿಲ್ಲ; ಆಸೆಯು ಭಯವನ್ನು ಗೆದ್ದಿತ್ತು, ಅಷ್ಟೆ. ಆಸೆಯು ಭಯವನ್ನು ಗೆಲ್ಲುವಂತೆ ಮಾಡುವುದು ವ್ಯಾಪಾರದ ವಿದ್ಯೆ. ಅದನ್ನು ನಾನು ನಲವತ್ತು ವರ್ಷ ಮಂಡಿಯಲ್ಲಿ ಕುಳಿತು ಬಲ್ಲೆ. ಮುಂಗಡ ಹಣ ಕಂಡ ರೈತನು ಬಡ್ಡಿಯ ಭಯವನ್ನು ಹೀಗೆಯೇ ಮರೆಯುತ್ತಾನೆ.

ಸರ್ಕಾರದ ಧಾಮದಲ್ಲಿ ನಡೆಯುವುದನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಬರಡಾಗಿದ್ದ ಗುಡ್ಡಗಳಲ್ಲಿ ಮತ್ತೆ ಹಣ್ಣಿನ ಗಿಡಗಳು ತುಂಬಿ ಕರಡಿಗಳಿಗೆ ನೆಲೆ ದೊರೆತದ್ದು ಸಾಮಾನ್ಯ ಸಾಧನೆಯಲ್ಲ. ಕರಡಿಗೆ ಮೂಗುದಾರ ಹಾಕಿ ಬೀದಿಯಲ್ಲಿ ಕುಣಿಸುತ್ತಿದ್ದುದನ್ನು ನಾವೇ ಬಾಲ್ಯದಲ್ಲಿ ಕಾಸು ಕೊಟ್ಟು ನೋಡಿದವರು. ಆ ಪದ್ಧತಿ 2009ರ ಹೊತ್ತಿಗೆ ದೇಶದಲ್ಲಿ ಕೊನೆಗೊಂಡಿತೆಂಬುದು ಸಂತೋಷದ ಸಂಗತಿ. ಖೆಡ್ಡಾದಲ್ಲಿ ಆನೆಗಳನ್ನು ಅಟ್ಟಿ ಹಿಡಿಯುವುದೂ ನಮ್ಮ ರಾಜ್ಯದಲ್ಲಿ 1971ರಲ್ಲಿ ನಿಂತಿತು. ಕಬಿನಿಯ ದಡದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆಗಳಿದ್ದಲ್ಲಿ ಇಂದು ಜನ ಕ್ಯಾಮರಾ ಹಿಡಿದು ತಂಗುತ್ತಾರೆ. ಬಂದೂಕಿನಿಂದ ಕ್ಯಾಮರಾಕ್ಕೆ ಬಂದದ್ದು ದೊಡ್ಡ ಹೆಜ್ಜೆಯೇ ಸರಿ. ಆದರೆ ಅದೇ ಕೊನೆಯ ಹೆಜ್ಜೆಯೇ ಎಂಬುದನ್ನು ಶ್ರಾವಕನು ಕೇಳಿಕೊಳ್ಳಬೇಕು.

ಆಫ್ರಿಕದಿಂದ ಬಂದ ದರಪಟ್ಟಿ

ಇದೇ ಸಮಯದಲ್ಲಿ ನನ್ನ ತಂಗಿಯ ಮಗ ಆಫ್ರಿಕದಿಂದ ಮರಳಿ ಬಂದ. ವ್ಯಾಪಾರ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ಹೋದವನು, ಪಟ್ಟಣದಿಂದ ಬಹುದೂರದ ಒಂದು ಖಾಸಗಿ ಮೃಗಕ್ಷೇತ್ರದ ವಸತಿಗೃಹದಲ್ಲಿ ಎರಡು ರಾತ್ರಿ ತಂಗಿದ್ದ. ಅವನಿಗಾಗಿ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಅಡಿಗೆಯನ್ನು ಪ್ರತ್ಯೇಕವಾಗಿ ಮಾಡಿಸಿದ್ದರಂತೆ. ರಾತ್ರಿಯ ಆಕಾಶ, ನಕ್ಷತ್ರಗಳು, ದೂರದಲ್ಲಿ ಸಿಂಹದ ಗರ್ಜನೆ ಇವುಗಳನ್ನು ಅವನು ವರ್ಣಿಸಿದಾಗ ಮನೆಯವರೆಲ್ಲ ಮೈಮರೆತು ಕೇಳಿದೆವು. ಕೊನೆಗೆ ಅವನು ಇನ್ನೊಂದು ಸಂಗತಿಯನ್ನು ಹೇಳಿದ. ಊಟದ ಮನೆಯ ಗೋಡೆಯ ತುಂಬ ಕೊಂಬುಳ್ಳ ತಲೆಗಳು. ಪಕ್ಕದ ಮೇಜಿನಲ್ಲಿ ಬೇಟೆಗೆ ಬಂದ ಅತಿಥಿಗಳು. ಅವರ ಕೈಯಲ್ಲಿ ಪ್ರತಿ ಮೃಗದ ಹೆಸರಿನ ಮುಂದೆ ಬೆಲೆ ಬರೆದ ಒಂದು ಪಟ್ಟಿ. "ಮಾಮಾ, ಅದು ನಮ್ಮ ಮಂಡಿಯ ದರಪಟ್ಟಿಯ ಹಾಗೆಯೇ ಇತ್ತು" ಎಂದ. "ಮೊದಲ ದಿನ ಜೀಪಿನಲ್ಲಿ ಎಷ್ಟು ಸುತ್ತಿದರೂ ಬೇಲಿ ಕಾಣಲಿಲ್ಲ, ಎರಡನೆಯ ದಿನ ಕಂಡಿತು. ಅದನ್ನು ಕಂಡ ಮೇಲೆ ನನಗೆ ಅದು ಕಾಡೆನ್ನಿಸಲಿಲ್ಲ."

ಆ ದೇಶದ 1991ರ ಕಾನೂನಿನಂತೆ, ತಕ್ಕ ಬೇಲಿಯೊಳಗೆ ಇಟ್ಟುಕೊಂಡ ಕಾಡುಮೃಗವು ಜಮೀನಿನ ಒಡೆಯನ ಸ್ವತ್ತು; ಬೇಲಿ ದಾಟಿ ಹೋದರೂ ಅವನ ಒಡೆತನ ಹೋಗುವುದಿಲ್ಲ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದಕ್ಕೆ ಅವಕಾಶ ಕೊಡುವುದಿಲ್ಲ. ಕೆನ್ಯಾ ದೇಶವು ಮೋಜಿನ ಬೇಟೆಯನ್ನು 1977ರಲ್ಲಿಯೇ ನಿಷೇಧಿಸಿತು. ಆದರೆ ಒಡೆತನದ ಪದ್ಧತಿಯ ಪಕ್ಷದಲ್ಲಿಯೂ ಹೇಳಬೇಕಾದ ಮಾತಿದೆ. ಅನೇಕಾಂತವನ್ನು ಒಪ್ಪಿದವರು ಅದನ್ನು ಕೇಳಲೇಬೇಕು. ದಕ್ಷಿಣ ಆಫ್ರಿಕದ ಬಿಳಿಯ ಘೇಂಡಾಮೃಗಗಳು ಒಂದು ಕಾಲಕ್ಕೆ ನೂರಕ್ಕೂ ಕಡಿಮೆ ಉಳಿದಿದ್ದವು; ಇಂದು ಸಾವಿರಾರು ಸಂಖ್ಯೆಯಲ್ಲಿವೆ. ಅವುಗಳಲ್ಲಿ ದೊಡ್ಡ ಪಾಲು ಖಾಸಗಿ ಜಮೀನುಗಳಲ್ಲಿವೆ. ಮೃಗಕ್ಕೆ ಬೆಲೆ ಬಂದದ್ದರಿಂದಲೇ ಅದನ್ನು ಸಾಕುವ ಮನಸ್ಸು ಬಂತು, ಇಲ್ಲವಾಗಿದ್ದರೆ ಆ ಜಮೀನುಗಳಲ್ಲಿ ದನ ಮೇಯುತ್ತಿದ್ದವು ಎಂದು ಅಲ್ಲಿಯವರು ವಾದಿಸುತ್ತಾರೆ. ಇದು ಸುಳ್ಳಲ್ಲ.

ಸುಳ್ಳಲ್ಲದ ಮಾತೂ ಪೂರ್ಣ ಸತ್ಯವಾಗಬೇಕಾಗಿಲ್ಲ. ಅದೇ ದೇಶದಲ್ಲಿ ಸಿಂಹದ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಸಾಕಿ, ಪ್ರವಾಸಿಗಳು ಅವುಗಳನ್ನು ಮುದ್ದಿಸಲು ಹಣ ಪಡೆದು, ಅವು ಬೆಳೆದ ಮೇಲೆ ಬೇಲಿಯೊಳಗೆ ಬೇಟೆಗಾರರಿಗೆ ಒಪ್ಪಿಸುವ ದಂಧೆಯೂ ಬೆಳೆಯಿತು. ಅದನ್ನು ನಿಲ್ಲಿಸುವುದಾಗಿ ಅಲ್ಲಿಯ ಸರ್ಕಾರವೇ 2021ರಲ್ಲಿ ಪ್ರಕಟಿಸಬೇಕಾಯಿತು. ಮರಿಯನ್ನು ಮಡಿಲಲ್ಲಿಟ್ಟುಕೊಂಡು ಚಿತ್ರ ತೆಗೆಸಿಕೊಂಡ ಪ್ರವಾಸಿ ದಯಾಳುವೇ ಇರಬಹುದು. ಆದರೆ ಅವನು ಕೊಟ್ಟ ಹಣವೂ ಬೇಟೆಗಾರನು ಕೊಟ್ಟ ಹಣವೂ ಒಂದೇ ಖಾತೆಗೆ ಜಮೆಯಾದವು.

ನಮ್ಮ ಶಾಸ್ತ್ರವು ಆಸ್ರವವನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ವಿಧವಾಗಿ ಎಣಿಸುತ್ತದೆ. ಸ್ವತಃ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ತಾನು ಮೂಲಂಗಿಯನ್ನೂ ಮುಟ್ಟದ ಅತಿಥಿಯು ಬೇಟೆಯ ವಸತಿಗೃಹದ ಬಿಲ್ಲನ್ನು ತೀರಿಸುವಾಗ, ತನ್ನ ತಟ್ಟೆ ಶುದ್ಧವೆಂದು ಸಮಾಧಾನಪಟ್ಟುಕೊಂಡರೆ ಸಾಲದು. ಆ ಮನೆಯ ಲೆಕ್ಕದಲ್ಲಿ ತನ್ನ ಹಣ ಎಲ್ಲಿ ಸೇರುತ್ತದೆಂದು ನೋಡುವ ಹೊಣೆಯೂ ಅವನದೇ. ತಂಗಿಯ ಮಗನಿಗೆ ಇದನ್ನು ನಾನು ಹೇಳಬೇಕಾಗಲಿಲ್ಲ. "ತಿಳಿಯದೆ ಹೋದೆ ಮಾಮಾ, ಪ್ರತಿಕ್ರಮಣ ಮಾಡಿಕೊಂಡೆ" ಎಂದು ಅವನೇ ಹೇಳಿದ.

ಇಲ್ಲಿ ನೇಮಿನಾಥ ಸ್ವಾಮಿಯ ಕಥೆಯನ್ನು ನೆನೆಯದಿರುವುದು ಸಾಧ್ಯವೇ? ವಿವಾಹಕ್ಕೆಂದು ಹೊರಟ ಕುಮಾರನು ದಾರಿಯಲ್ಲಿ ಕೂಡಿಹಾಕಿದ ಪಶುಗಳ ಆರ್ತನಾದವನ್ನು ಕೇಳಿ, ಇವೇಕೆ ಇಲ್ಲಿವೆ ಎಂದು ಸಾರಥಿಯನ್ನು ವಿಚಾರಿಸಿದನು. ಅತಿಥಿಗಳ ಭೋಜನಕ್ಕಾಗಿ ಎಂಬ ಉತ್ತರ ಬಂದಿತು. ಕೂಡಿಹಾಕಿದವನು ಅವನಲ್ಲ, ಕೊಲ್ಲುವವನೂ ಅವನಲ್ಲ, ತಿನ್ನುವವನೂ ಅವನಲ್ಲ. ಆದರೂ ಆ ಬೇಲಿ ತನ್ನ ನಿಮಿತ್ತವಾಗಿ ಬಂದಿದೆಯೆಂಬುದಷ್ಟೇ ಅವನಿಗೆ ಸಾಕಾಯಿತು, ರಥವನ್ನು ತಿರುಗಿಸಿದನು. ಈ ಕಥೆಯನ್ನು ನಾವು ವೈರಾಗ್ಯಕ್ಕೆ ದೃಷ್ಟಾಂತವಾಗಿ ಓದುತ್ತೇವೆ. ಪ್ರಯಾಣಿಕನ ಧರ್ಮಕ್ಕೂ ಅದೇ ದೃಷ್ಟಾಂತ. ದಾರಿಯಲ್ಲಿ ಬೇಲಿ ಕಂಡರೆ, ಯಾರಿಗಾಗಿ ಎಂದು ಕೇಳಬೇಕು.

ದಾನವೋ ವ್ಯಾಪಾರವೋ

"ಗುಡೇಕೋಟೆಯಲ್ಲಿ ಬೇಟೆಯಿಲ್ಲವಲ್ಲ, ಅಲ್ಲಿ ನಾವು ಮಾಡುವುದು ಆಹಾರದಾನ" ಎಂಬುದು ನನ್ನ ಮಗನ ಎರಡನೆಯ ವಾದ. ದಾನವೆಂದರೆ ತನಗೂ ಪರರಿಗೂ ಹಿತವಾಗುವಂತೆ ತನ್ನದನ್ನು ಬಿಟ್ಟುಕೊಡುವುದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಪಾತ್ರ, ದ್ರವ್ಯ, ವಿಧಿ, ದಾತೃ ಎಂಬ ನಾಲ್ಕರಿಂದ ಅದರ ವಿಶೇಷವನ್ನು ಅಳೆಯಬೇಕು. ಬೆಲ್ಲವನ್ನು ಕರಡಿಗೆ ಹಸಿವಾದಾಗ ಇಡುವುದಿಲ್ಲ, ಅತಿಥಿಗಳು ಜಗುಲಿಗೆ ಬರುವ ಹೊತ್ತಿಗೆ ಇಡುತ್ತಾರೆ. ಅದಕ್ಕೆ ಹಿತವಾದ ಕಡೆ ಇಡುವುದಿಲ್ಲ, ನಮಗೆ ಕಾಣುವ ಕಡೆ ಇಡುತ್ತಾರೆ. ಅತಿಥಿಗಳಿಲ್ಲದ ದಿನ ಬೆಲ್ಲವೂ ಇಲ್ಲ. ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆಯುವುದು ನಿಶ್ಚಿತವಾಗಿರುವ ಕೊಡುಗೆಗೆ ವ್ಯಾಪಾರವೆಂದು ಹೆಸರು. ವ್ಯಾಪಾರವು ಪಾಪವಲ್ಲ, ಅದರಿಂದಲೇ ನನ್ನ ಸಂಸಾರ ನಡೆದಿದೆ. ಆದರೆ ವ್ಯಾಪಾರವನ್ನು ದಾನದ ಖಾತೆಯಲ್ಲಿ ಬರೆಯುವುದು ಸುಳ್ಳು ಲೆಕ್ಕ.

ಅಲ್ಲದೆ ವ್ಯಾಪಾರವಾಗಬೇಕಾದರೆ ಎರಡೂ ಕಡೆಯವರಿಗೆ ಕರಾರು ತಿಳಿದಿರಬೇಕು. ಮನುಷ್ಯರ ವಾಸನೆಯಿದ್ದಲ್ಲಿ ಸಿಹಿ ಇರುತ್ತದೆಂದು ಕಲಿತ ಕರಡಿಯು, ಮರುದಿನ ಅದೇ ವಾಸನೆಯನ್ನು ಹಿಡಿದು ಯಾರದೋ ಗುಡಿಸಲಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಸಿಕ್ಕುವುದು ಬೆಲ್ಲವಲ್ಲ. ಗುಡೇಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಹೊಲಕ್ಕೆ ಹೋದ ರೈತರು ಕರಡಿಯಿಂದ ಗಾಯಗೊಳ್ಳುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಭಯವು ಆ ಮೃಗಕ್ಕೆ ಕವಚ. ಅದನ್ನು ಬೆಲ್ಲದ ಆಸೆಯಿಂದ ಕಳಚುವವರು ಅದಕ್ಕೂ ರೈತನಿಗೂ ಒಟ್ಟಿಗೆ ಅಪಕಾರ ಮಾಡುತ್ತಾರೆ. ಪ್ರಯೋಜನವಿಲ್ಲದೆ, ಕೇವಲ ವಿನೋದಕ್ಕಾಗಿ ಆಗುವ ಇಂತಹ ಹಾನಿಗೆ ಶಾಸ್ತ್ರವು ಅನರ್ಥದಂಡವೆಂದು ಹೆಸರಿಟ್ಟಿದೆ. ಅದರಲ್ಲಿಯೂ ಇದು ಪ್ರಮಾದಚರ್ಯೆ.

ತೀರ್ಥಂಕರರ ಸಮವಸರಣದಲ್ಲಿ ಹನ್ನೆರಡು ಸಭೆಗಳಲ್ಲಿ ಒಂದು ಪಶುಪಕ್ಷಿಗಳದು. ಹಾವು ಮುಂಗುಸಿಗಳು, ಹುಲಿ ಹಸುಗಳು ಒಟ್ಟಿಗೆ ಕುಳಿತವೆಂದು ಪುರಾಣಗಳು ವರ್ಣಿಸುತ್ತವೆ. ಅಲ್ಲಿ ಯಾರೂ ಏನನ್ನೂ ಹಚ್ಚಿರಲಿಲ್ಲ. ಭಯವು ಅಲ್ಲಿ ಆಸೆಯಿಂದ ಸೋಲಲಿಲ್ಲ. ಭಯಕ್ಕೆ ಕಾರಣವೇ ಇರಲಿಲ್ಲ. ಅಭಯವೆಂದರೆ ಅದು. ಅಷ್ಟು ನಮ್ಮಿಂದ ಆಗದು. ನಮ್ಮಿಂದ ಆಗುವುದು ದೂರವಿರುವುದು.

ಹಂದಿಯು ಕೊಟ್ಟ ವಸತಿ

ವಸತಿಗೃಹವೆಂಬ ಮಾತು ಬಂದದ್ದರಿಂದ ಇನ್ನೊಂದು ಕಥೆಯನ್ನು ಹೇಳಬೇಕು. ಆಹಾರ, ಔಷಧ, ಉಪಕರಣ, ಆವಾಸ ಎಂದು ಸಮಂತಭದ್ರರು ನಾಲ್ಕು ದಾನಗಳನ್ನು ಹೇಳಿ, ಒಂದೊಂದಕ್ಕೂ ಒಂದು ದೃಷ್ಟಾಂತವನ್ನು ಸೂಚಿಸುತ್ತಾರೆ. ಆವಾಸದಾನಕ್ಕೆ, ಎಂದರೆ ತಂಗಲು ಸ್ಥಳ ಕೊಡುವುದಕ್ಕೆ, ಅವರು ಹೆಸರಿಸುವುದು ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಒಂದು ಕಾಡುಹಂದಿಯನ್ನು.

ಕಥೆ ಹೀಗಿದೆ. ಒಬ್ಬ ಕುಂಬಾರನೂ ಒಬ್ಬ ಕ್ಷೌರಿಕನೂ ಸೇರಿ ದಾರಿಹೋಕರಿಗಾಗಿ ಒಂದು ವಸತಿಯನ್ನು ಕಟ್ಟಿಸಿದರು. ಕುಂಬಾರನು ಅಲ್ಲಿ ಒಬ್ಬ ಮುನಿಗೆ ಸ್ಥಳ ಕೊಟ್ಟನು. ಕ್ಷೌರಿಕನು ಬೇರೊಬ್ಬ ಪರಿವ್ರಾಜಕನನ್ನು ಕರೆತಂದು ಮುನಿಯನ್ನು ಹೊರಹಾಕಿದನು. ಮುನಿಯು ಮರದ ಕೆಳಗೆ ರಾತ್ರಿ ಕಳೆದನು. ಬೆಳಿಗ್ಗೆ ಇಬ್ಬರಿಗೂ ಜಗಳವಾಗಿ, ಒಬ್ಬರನ್ನೊಬ್ಬರು ಕೊಂದು, ವಿಂಧ್ಯದ ಕಾಡಿನಲ್ಲಿ ಕುಂಬಾರನು ಹಂದಿಯಾಗಿಯೂ ಕ್ಷೌರಿಕನು ಹುಲಿಯಾಗಿಯೂ ಹುಟ್ಟಿದರು. ಹಂದಿಯಿದ್ದ ಗುಹೆಗೆ ಒಂದು ದಿನ ಮುನಿಗಳು ಬಂದು ತಂಗಿದರು. ಅವರನ್ನು ಕಂಡು ಹಂದಿಗೆ ಪೂರ್ವಜನ್ಮದ ಸ್ಮರಣೆಯಾಗಿ ಅದು ವ್ರತವನ್ನು ಕೈಗೊಂಡಿತು. ಮನುಷ್ಯರ ವಾಸನೆ ಹಿಡಿದು ಹುಲಿ ಬಂದಾಗ ಹಂದಿಯು ಗುಹೆಯ ಬಾಗಿಲಿಗೆ ಅಡ್ಡ ನಿಂತು ಹೋರಾಡಿತು. ಎರಡೂ ಸತ್ತವು. ರಕ್ಷಿಸುವ ಭಾವದಿಂದ ಸತ್ತ ಹಂದಿಗೆ ಸ್ವರ್ಗ, ತಿನ್ನುವ ಭಾವದಿಂದ ಸತ್ತ ಹುಲಿಗೆ ನರಕ.

ಬಾಲ್ಯದಿಂದ ಕೇಳಿದ ಈ ಕಥೆಯಲ್ಲಿ ನಾನು ಗಮನಿಸದಿದ್ದ ಒಂದು ಸಂಗತಿಯನ್ನು ಗುಡೇಕೋಟೆಯ ಗವಿಗಳು ನನಗೆ ತೋರಿಸಿದವು. ಕಾಡಿನಲ್ಲಿ ಆತಿಥೇಯನು ಮೃಗ, ನಾವು ಅತಿಥಿಗಳು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಾನು ಅಲ್ಲಿ ಆತಿಥೇಯನಾಗಿ ಕುಟೀರ ಕಟ್ಟಿ ಜನರನ್ನು ಕರೆಯುವುದು, ಇನ್ನೊಬ್ಬರ ಮನೆಯ ಪಡಸಾಲೆಯನ್ನು ಬಾಡಿಗೆಗೆ ಕೊಟ್ಟಂತೆ. ಬಾಹ್ಯ ಪರಿಗ್ರಹದ ಹತ್ತು ಭೇದಗಳಲ್ಲಿ ಚತುಷ್ಪದಗಳೂ ಒಂದು. ನಮ್ಮ ಹಿರಿಯರು ಪರಿಮಾಣ ವ್ರತ ತೆಗೆದುಕೊಳ್ಳುವಾಗ ಇಷ್ಟು ಹಸು, ಇಷ್ಟು ಎತ್ತು ಎಂದು ಎಣಿಸಿ ಹೇಳುತ್ತಿದ್ದರು. ಕರಡಿಯನ್ನು ಯಾರೂ ಎಣಿಸಲಿಲ್ಲ. ಬಂಡೆಗೆ ಬೆಲ್ಲ ಹಚ್ಚಿ ದಿನವೂ ಹೊತ್ತಿಗೆ ಸರಿಯಾಗಿ ಬರುವಂತೆ ಮಾಡಿದ ಮೇಲೆ, ಅದನ್ನೂ ನನ್ನ ಸ್ವತ್ತಿನ ಪಟ್ಟಿಯಲ್ಲಿ ಎಣಿಸಬೇಕಾಗುತ್ತದೆ.

ಖರ್ಚು ಯಾರ ಲೆಕ್ಕಕ್ಕೆ?

ಇಷ್ಟು ಯೋಚಿಸಿ ನಾನು ಆ ವ್ಯವಹಾರವನ್ನು ಬೇಡವೆಂದೆ. ಮಗನಿಗೆ ಬೇಸರವಾಯಿತು, ಈಗಲೂ ಪೂರ್ತಿ ಹೋಗಿಲ್ಲ. ನಾನು ಮಾತ್ರ ಎಂಟು ಎಕರೆ ಅಭಯದಾನ ಕೊಟ್ಟೆನೆಂಬ ತೃಪ್ತಿಯಿಂದ ಒಂದು ದಿನ ಜಮೀನು ನೋಡಲು ಹೋದೆ. ಪಕ್ಕದ ಹೊಲದ ರೈತರು ಶೇಂಗಾ ಕಾಯಲು ಹಾಕಿದ ಅಟ್ಟಣೆಯ ಕೆಳಗೆ ಕುಳಿತಿದ್ದರು. ನನ್ನ ತೀರ್ಮಾನವನ್ನು ಕೇಳಿ ನಕ್ಕರು. "ಸಾವ್ಕಾರ್ರೇ, ಪ್ಯಾಟೆ ಮಂದಿ ರೊಕ್ಕ ಕೊಟ್ಟು ಕರಡಿ ನೋಡಾಕೆ ಬರ್ತಾರೆ. ನಮಗೆ ಪುಗಸಟ್ಟೆ ಬರ್ತೈತೆ, ನಾವು ಬ್ಯಾಡ ಅಂತೀವಿ. ನಿಮ್ಮ ಹೊಲದಾಗೆ ಹಣ್ಣು ತಿಂದು ನಮ್ಮ ಹೊಲದಾಗೆ ಶೇಂಗಾ ತಿಂತಾವೆ. ಪುಣ್ಯ ನಿಮಗೆ, ರಾತ್ರಿ ನಿದ್ದೆಗೇಡು ನಮಗೆ."

ನನಗೆ ಉತ್ತರ ತೋಚಲಿಲ್ಲ. ಜಮೆಯನ್ನು ನನ್ನ ಖಾತೆಗೂ ಖರ್ಚನ್ನು ಅವರ ಖಾತೆಗೂ ಬರೆದು ನಾನು ತೃಪ್ತನಾಗಿದ್ದೆ. ಬಿ.ಕಾಂ. ಓದುವಾಗ ಮೊದಲ ವರ್ಷದಲ್ಲಿಯೇ ತಪ್ಪೆಂದು ಕಲಿಸುವ ಲೆಕ್ಕವಿದು. ನಮ್ಮ ಅಹಿಂಸೆಯ ಬಹುಪಾಲು ಹೀಗೆಯೇ ಇದೆಯೇನೋ ಎಂದು ಆ ಸಂಜೆ ನನಗೆ ಅನ್ನಿಸಿತು. ಉಳುವ ಹಿಂಸೆಯನ್ನು ರೈತನಿಗೆ ಬಿಟ್ಟು ಧಾನ್ಯವನ್ನು ಕೊಂಡೆವು. ಹಾಗೆಯೇ ಕಾಡುಮೃಗವನ್ನು ತಡೆಯುವ ವಿರೋಧಿ ಹಿಂಸೆಯನ್ನೂ ಅವನಿಗೇ ಬಿಟ್ಟು ಅಭಯದಾನದ ಪುಣ್ಯವನ್ನು ನಾವು ಇಟ್ಟುಕೊಂಡೆವು. ಅಷ್ಟೇ ಅಲ್ಲ, ಆ ಎಂಟು ಎಕರೆಯೂ ಒಂದು ಕಾಲಕ್ಕೆ ಇಂತಹದೇ ರೈತರೊಬ್ಬರದಾಗಿತ್ತು.

ಅಂದಿನಿಂದ ಪ್ರತಿ ಸುಗ್ಗಿಯಲ್ಲಿ ಆ ಹೊಲಕ್ಕೆ ಆದ ನಷ್ಟವನ್ನು ಇಬ್ಬರೂ ಕೂತು ಅಂದಾಜು ಮಾಡಿ, ನಾನು ತುಂಬಿಕೊಡುತ್ತಿದ್ದೇನೆ. ಅದನ್ನು ದಾನದ ಖಾತೆಯಲ್ಲಿ ಬರೆಯುವುದಿಲ್ಲ. ಖರ್ಚಿನ ಖಾತೆಯಲ್ಲಿಯೇ ಬರೆಯುತ್ತೇನೆ. ಇದರಿಂದ ಅವರ ನಿದ್ದೆಗೇಡು ತೀರಿಲ್ಲವೆಂಬುದನ್ನೂ ಬಲ್ಲೆ. ಹಣದಿಂದ ತೀರದ ಆ ಬಾಕಿಗೆ ಏನು ಮಾಡಬೇಕೆಂದು ಪ್ರಾಜ್ಞರು ತಿಳಿಸಿದರೆ ಋಣಿಯಾಗಿರುತ್ತೇನೆ.

ಶ್ರಾವಕ ಬಂಧುಗಳಲ್ಲಿಯೂ ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಪ್ರವಾಸವೇ ಬೇಡವೆಂದು ನಾನು ಹೇಳುವುದಿಲ್ಲ, ತೀರ್ಥಯಾತ್ರೆಯೂ ಪ್ರವಾಸವೇ. ಆದರೆ ಕಾಡಿನ ವಸತಿಗೃಹದಲ್ಲಿ ತಂಗುವ ಮೊದಲು ಮೂರು ಪ್ರಶ್ನೆಗಳನ್ನು ಕೇಳೋಣ: ಅಲ್ಲಿಯ ಬೇಲಿ ಯಾರಿಗೆ? ಅಲ್ಲಿಯ ಮೃಗ ತಾನಾಗಿ ಬರುತ್ತದೆಯೋ, ಬರಿಸಿಕೊಳ್ಳುತ್ತಾರೋ? ಅಲ್ಲಿಯ ಖರ್ಚನ್ನು ನಾವು ಕೊಡುವ ಹಣವಲ್ಲದೆ ಇನ್ನಾರು ತೆರುತ್ತಿದ್ದಾರೆ? ಯಾತ್ರೆಯ ಬಸ್ಸುಗಳು ಹಂಪೆಯ ಬಸದಿಗೆ ಹೋದಾಗ ಕರಡಿಯ ದರ್ಶನವನ್ನೂ ಕಾರ್ಯಕ್ರಮದಲ್ಲಿ ಸೇರಿಸುವ ಮುನ್ನ ಇದನ್ನು ಚರ್ಚಿಸಬೇಕು. ಹೋದರೂ ದೇಶಾವಕಾಶಿಕ ವ್ರತದ ರೀತಿಯಲ್ಲಿ, ಈ ದಿನ ಈ ಗೆರೆಯನ್ನು ದಾಟುವುದಿಲ್ಲವೆಂದು ಸಂಕಲ್ಪಿಸಿ ಹೋಗಬೇಕು. ಕಾಡಿನಂಚಿನಲ್ಲಿ ಜಮೀನಿರುವ ಟ್ರಸ್ಟುಗಳು ಅದನ್ನು ಬೀಳುಬಿಡುವುದಾದರೆ, ನೆರೆಹೊಲದವರ ನಷ್ಟಕ್ಕೂ ಆಯವ್ಯಯದಲ್ಲಿ ಒಂದು ಬಾಬು ಇಡಬೇಕು.

ಕಳೆದ ದಶಲಕ್ಷಣ ಪರ್ವದಲ್ಲಿ ನಾನು ಗುರುಗಳ ಸಮ್ಮುಖದಲ್ಲಿ ದಿಗ್ವ್ರತವನ್ನು ತೆಗೆದುಕೊಂಡೆ. ಉಳಿದ ದಿಕ್ಕುಗಳ ಗಡಿಗಳು ನನ್ನ ವಯಸ್ಸಿಗೆ ತಕ್ಕಂತೆ ಸುಲಭವಾದವು. ಗುಡೇಕೋಟೆಯ ದಿಕ್ಕಿಗೆ ಮಾತ್ರ ನಾನು ಇಟ್ಟುಕೊಂಡ ಗಡಿ ಆ ರೈತರ ಅಟ್ಟಣೆ. ಅದರಾಚೆಗೆ ನನ್ನ ಹೆಸರಿನ ಎಂಟು ಎಕರೆ. ಅಲ್ಲಿಗೆ ನಾನು ಹೋಗುವುದಿಲ್ಲ. ಈ ವರ್ಷ ಮಳೆ ಚೆನ್ನಾಗಿ ಆದದ್ದರಿಂದ ಕವಳೆ ಹಣ್ಣು ಬಹಳ ಬಿಟ್ಟಿದೆಯೆಂದು ಅವರು ಹೇಳಿಕಳುಹಿಸಿದ್ದಾರೆ.

ಈ ಬರಹದಲ್ಲಿ ಜಿನಾಗಮಕ್ಕೆ ವಿರುದ್ಧವಾದ ಮಾತು ಅರಿಯದೆ ಬಂದಿದ್ದರೆ ವಿದ್ವಾಂಸರು ತಿದ್ದಬೇಕು. ಮಿಚ್ಛಾಮಿ ದುಕ್ಕಡಂ.